ಹೀಟರ್ ಇಲ್ಲದ ಹಸಿರುಮನೆ: ಮಹಾಗಾಂವ ಹೊಲದಲ್ಲಿ ಕಲಿತ ಚಳಿಗಾಲದ ಪಾಠ

ಹಸಿರುಮನೆ ಅಂದ ಕೂಡಲೇ ನಮ್ಮಲ್ಲಿ ಬಹಳ ಜನರಿಗೆ ಹಿಮ ಬೀಳುವ ದೇಶದ ಗಾಜಿನ ಮನೆ ನೆನಪಾಗುತ್ತದೆ. ಹೊರಗೆ ಮೈನಸ್ ಚಳಿ, ಒಳಗೆ ಹೀಟರ್, ಸಾಲಾಗಿ ಟೊಮೆಟೊ ಬಳ್ಳಿ. ಮೇ ತಿಂಗಳಲ್ಲಿ 42 ಡಿಗ್ರಿ ಬಿಸಿಲು ನೋಡುವ ಕಲಬುರಗಿಯವರಿಗೆ ಇಂಥ ಮನೆ ಯಾಕೆ ಬೇಕು ಅಂತ ಯಾರಾದರೂ ಕೇಳಿದರೆ ತಪ್ಪಿಲ್ಲ. ನಮ್ಮ ಕ್ಲಾಸಿನಲ್ಲೂ ಕೇಳಿದರು. ಆಗ ನಮ್ಮ ಹತ್ತಿರ ಸರಿಯಾದ ಉತ್ತರ ಇರಲಿಲ್ಲ. ಈಗ ಇದೆ. ಆದರೆ ಅದಕ್ಕೆ ಕೊಟ್ಟ ಬೆಲೆ ನಮ್ಮದಲ್ಲ, ನಮ್ಮ ಗೆಳೆಯನ ಅವ್ವನದು. ಅದನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇವೆ.

ಲೇಖನದಲ್ಲಿ ಸ್ವಲ್ಪ ಲೆಕ್ಕ ಇದೆ. ಹೆದರಬೇಡಿ, ಪಿಯುಸಿ ಫಿಸಿಕ್ಸ್ ಸಾಕು.

ನಾವು ಏನು ಮಾಡಿದ್ವಿ

ಕಲಬುರಗಿಯಿಂದ ಹುಮನಾಬಾದ್ ರಸ್ತೆ ಹಿಡಿದರೆ ಕಮಲಾಪುರಕ್ಕಿಂತ ಮೊದಲು ಮಹಾಗಾಂವ ಬರುತ್ತದೆ. ನಮ್ಮ ನಾಲ್ವರ ಗುಂಪಿನಲ್ಲಿ ಒಬ್ಬನ ಊರು ಅದು. ಅವರ ಮನೆಯ ಹೊಲ ಎರೆ ಭೂಮಿ. ಹೆಚ್ಚಿನ ಭಾಗ ತೊಗರಿ. ಬಾವಿ ಹತ್ತಿರದ ನಾಲ್ಕು ಗುಂಟೆಯಲ್ಲಿ ಅವನ ಅವ್ವ ಪ್ರತಿ ವರ್ಷ ಕಾಯಿಪಲ್ಲೆ ಬೆಳೆಯುತ್ತಾರೆ. ನವೆಂಬರ್‌ನಲ್ಲಿ ಆ ಬಾವಿ ಪಕ್ಕ 6 ಮೀಟರ್ ಉದ್ದ, 3 ಮೀಟರ್ ಅಗಲದ ಒಂದು ಪಾಲಿಥಿನ್ ಸುರಂಗ ಕಟ್ಟಿದ್ವಿ. ಪೈಪನ್ನು ಕಮಾನಿನ ಹಾಗೆ ಬಗ್ಗಿಸಿ ನೆಟ್ಟು, ಮೇಲೆ ಹಾಳೆ ಎಳೆದು, ಅಂಚನ್ನು ಮಣ್ಣಲ್ಲಿ ಹೂತು, ಎರಡೂ ತುದಿಗೆ ಬಾಗಿಲಿನ ಹಾಗೆ ಹಾಳೆ ಇಳಿಬಿಟ್ಟೆವು. ಹೀಟರ್ ಇಲ್ಲ, ಫ್ಯಾನ್ ಇಲ್ಲ. ಒಳಗೆ ಒಂದು, ಹೊರಗೆ ಒಂದು ಟೆಂಪರೇಚರ್ ಸೆನ್ಸರ್, ಅದಕ್ಕೊಂದು ಆರ್ಡುಯಿನೋ ಬೋರ್ಡ್.

ಅವ್ವ ತಮ್ಮ ದುಡ್ಡಲ್ಲಿ ಹೈಬ್ರಿಡ್ ಟೊಮೆಟೊ ಬೀಜ ತಂದಿದ್ದರು. 98 ಗುಳಿಗಳ ಪ್ರೋಟ್ರೇ ಹತ್ತು, ಅಂದರೆ 980 ಸಸಿ. ನಾಲ್ಕು ಗುಂಟೆಗೆ ಸರಿಹೋಗುವ ಲೆಕ್ಕ. ಅವನ್ನು ಸುರಂಗದ ಒಳಗೆ ಇಟ್ಟೆವು. ಮೊಳಕೆ ಚೆನ್ನಾಗಿ ಬಂತು. ಹನ್ನೆರಡನೇ ದಿನಕ್ಕೆ ಎರಡು ನಿಜವಾದ ಎಲೆ ಕಾಣಿಸಿದವು.

ಆ ವಾರ ಚಳಿ ಜೋರಾಯಿತು. ಭಾನುವಾರ ಸಂಜೆ ನಾವು ಎರಡೂ ಬಾಗಿಲು ಮುಚ್ಚಿ, ಅಂಚಿಗೆ ಕಲ್ಲಿಟ್ಟು, ಒಂದು ಚೀಟಿ ಅಂಟಿಸಿದ್ವಿ: "ಮುಟ್ಟಬೇಡಿ, ರೀಡಿಂಗ್ ನಡೆದಿದೆ." ಎರಡು ದಿನದ ಡೇಟಾ ಅಡಚಣೆ ಇಲ್ಲದೆ ಬೇಕಿತ್ತು. ಅವ್ವನಿಗೂ ಹೇಳಿ ಕಲಬುರಗಿ ಬಸ್ ಹತ್ತಿದ್ವಿ.

ಮಂಗಳವಾರ ಹೋಗಿ ನೋಡಿದಾಗ ಸಸಿಗಳು ಕುದಿಸಿದ ಪಲ್ಲೆ ಹಾಗೆ ಟ್ರೇ ಮೇಲೆ ಮಲಗಿದ್ದವು. ಬೋರ್ಡ್‌ನಲ್ಲಿ ಸೋಮವಾರ ಮಧ್ಯಾಹ್ನ ಒಂದೂವರೆಗೆ 47 ಡಿಗ್ರಿ ಅಂತ ಇತ್ತು. ಬದುಕಿದ್ದು ಮೂರು ಟ್ರೇ ತುಂಬುವಷ್ಟೂ ಇರಲಿಲ್ಲ. ಅವ್ವ ಬೈಯಲಿಲ್ಲ. "ಹೊತ್ತೇರಿದ ಮ್ಯಾಲ ಇದರ ಬಾಯಿ ಬಿಡಬೇಕಿತ್ತು ತಮ್ಮಾ. ನಾ ಹಾದು ಹೋಗಾಗ ನೋಡೀನಿ, ಒಳಗ ನೀರು ಸುರಿಲತ್ತಿತ್ತು. ನೀವೇ ಮುಟ್ಟಬ್ಯಾಡ ಅಂದಿದ್ರಿ, ಅದಕ್ಕ ಬಿಟ್ಟೆ" ಅಂದರು.

ಬೀಜದ ದುಡ್ಡು ನಾಲ್ವರೂ ಸೇರಿಸಿ ಕೊಟ್ಟೆವು. ಹೋದ ಹನ್ನೆರಡು ದಿನ ಕೊಡಲಿಕ್ಕೆ ಆಗಲಿಲ್ಲ. ಆ ರಾತ್ರಿ ಹಾಸ್ಟೆಲ್‌ನಲ್ಲಿ ಕೂತು, ಕಟ್ಟುವ ಮೊದಲೇ ಮಾಡಬೇಕಿದ್ದ ಲೆಕ್ಕವನ್ನು ಮಾಡಿದ್ವಿ.

ಮೊದಲು ನಮ್ಮ ಚಳಿಗಾಲ ಎಂಥದ್ದು ಅಂತ ತಿಳಿಯಬೇಕು

ಕಲಬುರಗಿ ಇರುವುದು ಸುಮಾರು 17.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಡಿಸೆಂಬರ್ 21ರಂದು ಸೂರ್ಯ ವರ್ಷದಲ್ಲೇ ಅತಿ ಕೆಳಗೆ ಇರುತ್ತಾನೆ. ಆ ದಿನ ಮಧ್ಯಾಹ್ನ ಅವನ ಎತ್ತರ ಕಂಡುಹಿಡಿಯುವುದು ಸುಲಭ: 90ರಿಂದ ಅಕ್ಷಾಂಶ ಕಳೆಯಿರಿ, ಆಮೇಲೆ 23.4 ಕಳೆಯಿರಿ. ನಮಗೆ 49 ಡಿಗ್ರಿ ಬರುತ್ತದೆ. ಹಸಿರುಮನೆಗಳಿಗೆ ಹೆಸರಾದ ನೆದರ್ಲ್ಯಾಂಡ್ಸ್ 52 ಡಿಗ್ರಿಯಲ್ಲಿದೆ. ಅಲ್ಲಿಗೆ ಬರುವುದು 15 ಡಿಗ್ರಿಗೂ ಸ್ವಲ್ಪ ಕಡಿಮೆ. ನೆಲದ ಮೇಲೆ ಬೀಳುವ ಬಿಸಿಲು ಈ ಕೋನದ ಸೈನ್‌ಗೆ ತಕ್ಕ ಹಾಗೆ ಇರುತ್ತದೆ. ಸೈನ್ 49 ಅಂದರೆ 0.75, ಸೈನ್ 15 ಅಂದರೆ 0.26. ಕೋನದ ಲೆಕ್ಕ ಒಂದೇ ಹಿಡಿದರೂ ನಮ್ಮ ಡಿಸೆಂಬರ್ ಮಧ್ಯಾಹ್ನದ ಬಿಸಿಲು ಅವರದ್ದರ ಮೂರು ಪಟ್ಟು. ಹಗಲು ನಮಗೆ 11 ಗಂಟೆ, ಅವರಿಗೆ 8 ಗಂಟೆಗೂ ಕಡಿಮೆ.

ಟೆಂಪರೇಚರ್ ನೋಡಿ. ಡಿಸೆಂಬರ್‌ನಲ್ಲಿ ಕಲಬುರಗಿಯಲ್ಲಿ ಹಗಲು 29–30 ಡಿಗ್ರಿ ಆಸುಪಾಸು, ರಾತ್ರಿ 15ರ ಆಸುಪಾಸು. ಶೀತಗಾಳಿ ಬಂದ ದಿನ ರಾತ್ರಿ 10ರ ಹತ್ತಿರಕ್ಕೂ ಇಳಿಯುತ್ತದೆ. ಅಂದರೆ ನಮ್ಮ ಚಳಿಗಾಲ ಅನ್ನುವುದು ಒಂದೇ ದಿನದಲ್ಲಿ ಎರಡು ಕಾಲ. ಬೆಳಗಿನ ಜಾವ ಸ್ವೆಟರ್, ಮಧ್ಯಾಹ್ನ ಫ್ಯಾನ್. ಗಿಡಕ್ಕೂ ಅದೇ ಅನುಭವ.

ನಮ್ಮ ಭಾಗದ ರೈತರು ಇದನ್ನು ಯಾವ ಸೈನ್ ಟೇಬಲ್ ಇಲ್ಲದೆ ತಿಳಿದಿದ್ದಾರೆ. ಹಿಂಗಾರಿಯ ಜೋಳ, ಕಡಲೆ, ಕುಸುಬೆ ಈ ತಂಪಿನಲ್ಲೇ, ಎರೆ ಮಣ್ಣು ಹಿಡಿದಿಟ್ಟುಕೊಂಡ ತೇವದಲ್ಲೇ ಬೆಳೆಯುತ್ತವೆ. ಮೆಂತ್ಯೆ, ಪಾಲಕ, ಕೊತ್ತಂಬರಿ, ಸಬ್ಬಸಿಗೆ ಎಲ್ಲಕ್ಕೂ ಇದೇ ಒಳ್ಳೆ ಕಾಲ.

ಹಗಲಿನ ಲೆಕ್ಕ: ಸಸಿ ಯಾಕೆ ಬೆಂದಿತು?

ನಮ್ಮ ಸುರಂಗದ ನೆಲ 18 ಚದರ ಮೀಟರ್. ಕಮಾನು ಅರ್ಧ ವೃತ್ತ, ತ್ರಿಜ್ಯ 1.5 ಮೀಟರ್. ಮೇಲಿನ ಹಾಳೆ 28 ಚದರ ಮೀಟರ್, ಎರಡು ತುದಿ ಸೇರಿ 7. ಒಟ್ಟು ಹೊದಿಕೆ 35 ಚದರ ಮೀಟರ್.

ಒಳಗೆ ಬರುವ ಶಾಖ: ಡಿಸೆಂಬರ್ ಮಧ್ಯಾಹ್ನ ನಿರ್ಮಲ ಆಕಾಶ ಇದ್ದರೆ ಪ್ರತಿ ಚದರ ಮೀಟರ್ ನೆಲಕ್ಕೆ ಸುಮಾರು 700 ವ್ಯಾಟ್ ಹಿಡಿಯೋಣ. ಹಾಳೆ ಅದರಲ್ಲಿ 70% ಒಳಗೆ ಬಿಡುತ್ತದೆ ಅಂದುಕೊಳ್ಳೋಣ. 18 × 700 × 0.7 = 8,820 ವ್ಯಾಟ್. ಎರಡು ಕಿಲೋವ್ಯಾಟ್‌ನ ನಾಲ್ಕು ಗೀಸರ್ ಒಟ್ಟಿಗೆ ಹಚ್ಚಿ ಬಾಗಿಲು ಹಾಕಿದ ಹಾಗೆ.

ಹೊರಗೆ ಹೋಗುವ ಶಾಖ: ಒಂದು ಪದರದ ಪಾಲಿಥಿನ್‌ನ ಯು ವ್ಯಾಲ್ಯೂ ಸುಮಾರು 6, ಅಂದರೆ ಒಳಗೂ ಹೊರಗೂ 1 ಡಿಗ್ರಿ ವ್ಯತ್ಯಾಸ ಇದ್ದರೆ ಒಂದು ಚದರ ಮೀಟರ್‌ನಿಂದ 6 ವ್ಯಾಟ್ ಹೊರಗೆ ಹೋಗುತ್ತದೆ. 35 × 6 = 210 ವ್ಯಾಟ್.

ಈಗ ಭಾಗಿಸಿ: 8,820 ÷ 210 = 42. ಬಾಗಿಲು ಬಿಗಿಯಾಗಿ ಮುಚ್ಚಿದ್ದು, ಒಳಗೆ ತೇವವೇ ಇಲ್ಲದಿದ್ದರೆ ಹೊರಗಿನದಕ್ಕಿಂತ 42 ಡಿಗ್ರಿ ಹೆಚ್ಚಾಗುವ ಅಪಾಯ ಇದೆ ಅಂತ ಇದರ ಅರ್ಥ. ನಿಜದಲ್ಲಿ ಅಷ್ಟು ಆಗುವುದಿಲ್ಲ, ಮಣ್ಣು ಮತ್ತು ಎಲೆಯಿಂದ ನೀರು ಆವಿಯಾಗುತ್ತಾ ಒಂದು ಪಾಲು ಶಾಖ ನುಂಗುತ್ತದೆ. ಅರ್ಧ ಹಾಗೆ ಹೋಯಿತು ಅಂದುಕೊಂಡರೂ 21 ಡಿಗ್ರಿ ಉಳಿಯಿತು. ಹೊರಗೆ 29 ಇದ್ದರೆ ಒಳಗೆ 50. ನಮ್ಮ ಬೋರ್ಡ್ ತೋರಿಸಿದ 47 ಸುಳ್ಳಲ್ಲ. ಅವ್ವ ನೋಡಿದ "ಸುರಿಯೋ ನೀರು" ಅದೇ ಆವಿ, ಹಾಳೆಗೆ ತಾಗಿ ಮತ್ತೆ ನೀರಾಗಿದ್ದು.

ಈ ಶಾಖ ಹೊರಹಾಕಲು ಎಷ್ಟು ಗಾಳಿ ಬೇಕು? ಒಳಗೆ 4 ಡಿಗ್ರಿಗಿಂತ ಹೆಚ್ಚು ಏರಬಾರದು ಅಂತ ಇಟ್ಟುಕೊಳ್ಳಿ. ಆವಿಯಾಗಿ ಉಳಿದದ್ದು 4,400 ವ್ಯಾಟ್. ಅದರಲ್ಲಿ ಹಾಳೆ ಮೂಲಕ 840 ಹೋಗುತ್ತದೆ. ಉಳಿದ ಸುಮಾರು 3,560 ವ್ಯಾಟ್ ಗಾಳಿಯೇ ಹೊತ್ತೊಯ್ಯಬೇಕು. ಒಂದು ಘನ ಮೀಟರ್ ಗಾಳಿ 1 ಡಿಗ್ರಿಗೆ ಸುಮಾರು 1,200 ಜೂಲ್ ಹಿಡಿಯುತ್ತದೆ. ಹಾಗಾದರೆ ಸೆಕೆಂಡಿಗೆ 0.74 ಘನ ಮೀಟರ್. ಸುರಂಗದ ಒಟ್ಟು ಗಾಳಿ 21 ಘನ ಮೀಟರ್. ಅಂದರೆ ಒಳಗಿನ ಗಾಳಿ ಪೂರ್ತಿ ಸುಮಾರು ಅರ್ಧ ನಿಮಿಷಕ್ಕೊಮ್ಮೆ ಬದಲಾಗಬೇಕು!

ಬಾಗಿಲನ್ನು ಒಂದು ಗೇಣು ಸರಿಸಿದರೆ ಇದು ಆಗುವ ಕೆಲಸವಲ್ಲ. ಗಾಳಿಕಿಂಡಿ ನೆಲದ ವಿಸ್ತೀರ್ಣದ 15ರಿಂದ 25% ಆದರೂ ಇರಬೇಕು ಅನ್ನುವುದು ಸಾಮಾನ್ಯ ಲೆಕ್ಕ. ಈಗ ನಾವು ಉದ್ದದ ಎರಡೂ ಬದಿ ಹಾಳೆಯನ್ನು ಕೋಲಿಗೆ ಸುತ್ತಿ 60 ಸೆಂಟಿಮೀಟರ್ ಮೇಲೆತ್ತುವ ಹಾಗೆ ಮಾಡಿದ್ದೇವೆ. 6 × 0.6 × 2 = 7.2 ಚದರ ಮೀಟರ್. ನೆಲದ 40%. ಅದಾದ ಮೇಲೆ ಮಧ್ಯಾಹ್ನ ಒಳಗೆ ಕೂತು ಊಟ ಮಾಡಬಹುದು.

ರಾತ್ರಿಯ ಆಶ್ಚರ್ಯ: ಒಳಗೇ ಹೆಚ್ಚು ಚಳಿ

ಎರಡನೇ ಪಾಠ ಡೇಟಾದಲ್ಲಿ ಅಡಗಿತ್ತು. ಗಾಳಿ ಇಲ್ಲದ, ಮೋಡ ಇಲ್ಲದ ಒಂದು ರಾತ್ರಿ ಬೆಳಗಿನ ಜಾವ ಸುರಂಗದ ಒಳಗೆ ಹೊರಗಿಗಿಂತ ಅರ್ಧ ಡಿಗ್ರಿ ಕಡಿಮೆ ಇತ್ತು. ಸೆನ್ಸರ್ ಕೆಟ್ಟಿದೆ ಅಂತ ಒಳಗಿನದ್ದನ್ನು ಹೊರಗೆ, ಹೊರಗಿನದ್ದನ್ನು ಒಳಗೆ ಹಾಕಿದ್ವಿ. ಮತ್ತೆ ಅದೇ ರೀಡಿಂಗ್.

ನಾವು ಶಾಲೆಯಲ್ಲಿ ಕಲಿತದ್ದು ಹೀಗೆ: ಬಿಸಿಲು ಒಳಗೆ ಬರುತ್ತದೆ, ನೆಲ ಬಿಸಿಯಾಗಿ ಇನ್‌ಫ್ರಾರೆಡ್ ಬಿಡುತ್ತದೆ, ಗಾಜು ಅದನ್ನು ಹೊರಗೆ ಬಿಡುವುದಿಲ್ಲ, ಅದಕ್ಕೇ ಹಸಿರುಮನೆ ಬಿಸಿ. ಇದು ಅರ್ಧ ಸತ್ಯ. 1909ರಲ್ಲಿ ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ವುಡ್ ಎರಡು ಪೆಟ್ಟಿಗೆ ಮಾಡಿ, ಒಂದಕ್ಕೆ ಗಾಜು, ಇನ್ನೊಂದಕ್ಕೆ ಇನ್‌ಫ್ರಾರೆಡ್ ಬಿಡುವ ಕಲ್ಲುಪ್ಪಿನ ಹಲಗೆ ಮುಚ್ಚಿ ಬಿಸಿಲಿಗಿಟ್ಟರು. ಎರಡೂ ಹೆಚ್ಚುಕಡಿಮೆ ಒಂದೇ ಸಮ ಬಿಸಿಯಾದವು. ಅಂದರೆ ಹಗಲಿನ ಬಿಸಿಗೆ ಮುಖ್ಯ ಕಾರಣ ಬಿಸಿ ಗಾಳಿ ಮೇಲೆದ್ದು ಹೋಗದ ಹಾಗೆ ತಡೆಯುವುದು. ಅದಕ್ಕೇ ಕಿಂಡಿ ತೆರೆದ ಕೂಡಲೇ ತಂಪಾಗುತ್ತದೆ.

ರಾತ್ರಿ ಕಥೆ ಬೇರೆ. ನಿರ್ಮಲ ರಾತ್ರಿಯಲ್ಲಿ ನೆಲದ ಶಾಖ ಇನ್‌ಫ್ರಾರೆಡ್ ಆಗಿ ಆಕಾಶಕ್ಕೆ ಹೋಗುತ್ತದೆ. ಗಾಜು ಅದನ್ನು ತಡೆಯುತ್ತದೆ, ಸಾದಾ ಪಾಲಿಥಿನ್ ಬಹಳ ಮಟ್ಟಿಗೆ ಬಿಟ್ಟುಬಿಡುತ್ತದೆ. ಹೊರಗಿನ ನೆಲಕ್ಕೆ ಸುತ್ತಲಿನ ಗಾಳಿ ಬಂದು ಸ್ವಲ್ಪ ಶಾಖ ಕೊಡುತ್ತಿರುತ್ತದೆ. ಹಾಳೆ ಒಳಗಿನ ನೆಲಕ್ಕೆ ಆ ಗಾಳಿಯೂ ಸಿಗುವುದಿಲ್ಲ. ಹೀಗಾಗಿ ಒಳಗೆ ಹೊರಗಿಗಿಂತ ಚಳಿ. ಪಾಲಿಥಿನ್ ಹಾಕಿದ್ದೇವೆ, ಇನ್ನು ಬೆಚ್ಚಗಿರುತ್ತದೆ ಅಂತ ಮಲಗಿದವರು ನಾವು.

ಪರಿಹಾರ ಬಹಳ ದುಬಾರಿ ಅಲ್ಲ. ಅಮೆರಿಕದ ಮೇನ್ ರಾಜ್ಯದಲ್ಲಿ ಎಲಿಯಟ್ ಕೋಲ್ಮನ್ ಅನ್ನುವ ರೈತ, ಹಿಮದ ಮಧ್ಯೆ ಹೀಟರ್ ಇಲ್ಲದ ಹಸಿರುಮನೆಯಲ್ಲಿ ಸೊಪ್ಪು ಬೆಳೆದು ಹೆಸರಾದವರು. ಅವರ ಮುಖ್ಯ ಉಪಾಯ ಎರಡನೇ ಪದರ: ಹಸಿರುಮನೆಯ ಒಳಗೇ, ಗಿಡದ ಮೇಲೆ ತೆಳ್ಳನೆ ಬಟ್ಟೆ. ಲಡಾಖ್‌ನಲ್ಲೂ ಇದೇ ರೀತಿ. ಅಲ್ಲಿ ನೆಲ ಅಗೆದು ಗುಂಡಿಯೊಳಗೆ ಸೊಪ್ಪು ಬಿತ್ತಿ, ಮೇಲೆ ಪಾಲಿಥಿನ್ ಹಾಕಿ, ರಾತ್ರಿ ಅದರ ಮೇಲೆ ಇನ್ನೊಂದು ಹೊದಿಕೆ ಎಳೆಯುತ್ತಾರೆ. ಲೇಹ್‌ನಲ್ಲಿ ಡಿಆರ್‌ಡಿಓದ ಒಂದು ಸಂಶೋಧನಾ ಸಂಸ್ಥೆಯೇ ಎತ್ತರ ಪ್ರದೇಶದ ತರಕಾರಿ ಕೃಷಿ ಮೇಲೆ ಕೆಲಸ ಮಾಡುತ್ತದೆ.

ನಾವು ಇದನ್ನು ಅವ್ವನಿಗೆ ಹೇಳಿದಾಗ ಅವರು ಒಳಗೆ ಹೋಗಿ ಎರಡು ಹಳೆ ನೂಲಿನ ಸೀರೆ ತಂದರು. ಸಂಜೆ ಸಸಿ ಮೇಲೆ ಕಡ್ಡಿ ಚುಚ್ಚಿ ಸೀರೆ ಹೊದಿಸುವುದು, ಬೆಳಿಗ್ಗೆ ತೆಗೆಯುವುದು. ಬಟ್ಟೆ ಇನ್‌ಫ್ರಾರೆಡ್ ಬಿಡುವುದಿಲ್ಲ. ಅದಾದ ಮೇಲೆ ಸೀರೆ ಕೆಳಗಿನ ರೀಡಿಂಗ್ ಯಾವ ರಾತ್ರಿಯೂ ಹೊರಗಿಗಿಂತ ಕೆಳಗೆ ಹೋಗಲಿಲ್ಲ.

ಶಾಖ ಎಲ್ಲಿ ಕೂಡಿಡೋದು: ಡ್ರಮ್ಮೋ ಮಣ್ಣೋ?

ಹಸಿರುಮನೆಯೊಳಗೆ ಕಪ್ಪು ನೀರಿನ ಡ್ರಮ್ ಇಡಿ, ಹಗಲು ಕಾದು ರಾತ್ರಿ ಶಾಖ ಕೊಡುತ್ತದೆ ಅನ್ನುವ ಸಲಹೆ ಎಲ್ಲ ಕಡೆ ಸಿಗುತ್ತದೆ. ಸಲಹೆ ಸರಿ, ಎಷ್ಟು ಅಂತ ಯಾರೂ ಹೇಳುವುದಿಲ್ಲ.

200 ಲೀಟರ್ ಡ್ರಮ್ ಸಂಜೆ 30 ಡಿಗ್ರಿ ಇದ್ದು ಬೆಳಗಿಗೆ 18ಕ್ಕೆ ಇಳಿದರೆ ಬಿಡುವ ಶಾಖ: 200 × 4.18 × 12 = ಸುಮಾರು 10,000 ಕಿಲೋಜೂಲ್, ಅಂದರೆ 2.8 ಯೂನಿಟ್ ಕರೆಂಟು. 12 ಗಂಟೆಗೆ ಹಂಚಿದರೆ ಸರಾಸರಿ 230 ವ್ಯಾಟ್. ನಮ್ಮ ಸುರಂಗ ಪ್ರತಿ ಡಿಗ್ರಿಗೆ 210 ವ್ಯಾಟ್ ಸೋರುತ್ತದೆ. ಹಾಗಾದರೆ ಒಂದು ಡ್ರಮ್ ಅಂದರೆ ಒಂದು ಡಿಗ್ರಿ, ಅಷ್ಟೇ. ಐದು ಡಿಗ್ರಿ ಬೇಕಾದರೆ ಐದು ಡ್ರಮ್ ಇಡಬೇಕು. ಆಮೇಲೆ ಸಸಿ ಇಡಲು ಜಾಗ ಹುಡುಕಬೇಕು.

ಈಗ ಮಣ್ಣು ನೋಡಿ. 18 ಚದರ ಮೀಟರ್ ನೆಲದ ಮೇಲಿನ 10 ಸೆಂಟಿಮೀಟರ್ ಅಂದರೆ 1.8 ಘನ ಮೀಟರ್. ತೇವ ಇರುವ ಮಣ್ಣಿನ ಶಾಖ ಸಾಮರ್ಥ್ಯ ಘನ ಮೀಟರಿಗೆ, ಡಿಗ್ರಿಗೆ ಸುಮಾರು 2 ಮೆಗಾಜೂಲ್. ಈ ಪದರ ಬರೀ 3 ಡಿಗ್ರಿ ತಣ್ಣಗಾದರೂ 10.8 ಮೆಗಾಜೂಲ್ ಬಿಡುತ್ತದೆ. ಒಂದು ಡ್ರಮ್‌ಗಿಂತ ಸ್ವಲ್ಪ ಹೆಚ್ಚೇ! ಕಾಲ ಕೆಳಗೆ ಪುಕ್ಕಟೆ ಡ್ರಮ್ ಇತ್ತು, ನಾವು ಮೇಲೆ ಟ್ರೇ ಜೋಡಿಸಿ, ಅಡಿಗೆ ಪ್ಲಾಸ್ಟಿಕ್ ಹಾಸಿ, ಅದಕ್ಕೆ ಬಿಸಿಲೇ ತಾಗದ ಹಾಗೆ ಮಾಡಿದ್ದೆವು.

ಒಣ ಮಣ್ಣಿಗೆ ಈ ಸಾಮರ್ಥ್ಯ ಕಡಿಮೆ, ಶಾಖ ಕೆಳಗೆ ಇಳಿಯುವುದೂ ನಿಧಾನ. ಅದಕ್ಕೆ ಮಣ್ಣು ತೇವ ಇರಬೇಕು. ಆದರೆ ನೀರು ಕೊಡುವುದು ಬೆಳಿಗ್ಗೆ, ಹೊತ್ತು ಸ್ವಲ್ಪ ಏರಿದ ಮೇಲೆ. ಸಂಜೆ ಕೊಟ್ಟರೆ ಮಣ್ಣು ತಣ್ಣಗಾಗುತ್ತದೆ, ರಾತ್ರಿಯೆಲ್ಲ ಎಲೆ ಒದ್ದೆ ಇರುತ್ತದೆ, ಸಸಿಯ ಬುಡ ಕೊಳೆಯುತ್ತದೆ. ಹಾಳೆಯಿಂದ ತೊಟ್ಟಿಕ್ಕುವ ಇಬ್ಬನಿಯಿಂದಲೂ ಅದೇ ರೋಗ. ಬೆಳಿಗ್ಗೆ ಬದಿ ಎತ್ತಿ ಒಳಗನ್ನು ಒಣಗಿಸುವುದಕ್ಕೆ ಇದು ಇನ್ನೊಂದು ಕಾರಣ.

ಯಾವುದಕ್ಕೆ ಮನೆ ಬೇಕು, ಯಾವುದಕ್ಕೆ ಬೇಡ

ಟ್ರೇ ಪಕ್ಕದಲ್ಲಿ ನಾವು ಒಂದು ಸಣ್ಣ ಪರೀಕ್ಷೆಯನ್ನೂ ಮಾಡಿದ್ದೆವು. ಒಂದೇ ದಿನ, ಒಂದೇ ಬೀಜ: ಒಂದು ಮಡಿ ಕೊತ್ತಂಬರಿ ಸುರಂಗದೊಳಗೆ, ಒಂದು ಮಡಿ ಹೊರಗೆ. ಒಳಗಿನದು ಮೊದಲು ಮೊಳೆಯಿತು. ನಮಗೆ ಖುಷಿ. ತಿಂಗಳಾದ ಮೇಲೆ ನೋಡಿದರೆ ಒಳಗಿನದು ಉದ್ದ, ಸಣಕಲು. ಹೊರಗಿನದು ಗಿಡ್ಡ, ದಟ್ಟ, ವಾಸನೆ ಘಮ್ ಅಂತ. ಅವ್ವ ಹೊರಗಿನ ಮಡಿ ಕಡೆ ಕೈ ತೋರಿಸಿ "ಪ್ಯಾಟಿಗಿ ಇದು ಒಯ್ಯದು, ಅದು ನಿಮ್ಮ ಹಾಸ್ಟೆಲಿಗಿ ಒಯ್ರಿ" ಅಂದರು.

ಅದರಿಂದ ನಾವು ಮಾಡಿಕೊಂಡ ಪಟ್ಟಿ ಇದು.

ಮನೆ ಬೇಡ: ಕೊತ್ತಂಬರಿ, ಮೆಂತ್ಯೆ, ಪಾಲಕ, ಸಬ್ಬಸಿಗೆ, ಮೂಲಂಗಿ. ಇವಕ್ಕೆ ನಮ್ಮ ಡಿಸೆಂಬರ್ ಹೇಳಿ ಮಾಡಿಸಿದ ಹಾಗಿದೆ. ಮೆಂತ್ಯೆ 25–30 ದಿನಕ್ಕೆ, ಪಾಲಕ ಮೊದಲ ಕೊಯ್ಲು 30–35 ದಿನಕ್ಕೆ, ಕೊತ್ತಂಬರಿ 40–45 ದಿನಕ್ಕೆ ಬರುತ್ತದೆ. ಕೊತ್ತಂಬರಿ ಬೀಜ ಎರಡು ಹೋಳಾಗುವ ಹಾಗೆ ತಿಕ್ಕಿ ಬಿತ್ತಬೇಕು. ಚಳಿಗಾಲದಲ್ಲಿ ಎಲ್ಲರ ಹೊಲದಲ್ಲೂ ಸೊಪ್ಪು ಬರುವುದರಿಂದ ರೇಟೂ ಕಡಿಮೆ. ಅದಕ್ಕೆ ಪಾಲಿಥಿನ್ ಖರ್ಚು ಹಾಕುವುದು ಲಾಭ ಅಲ್ಲ.

ಮನೆ ಬೇಕು: ಟೊಮೆಟೊ, ಮೆಣಸಿನಕಾಯಿ, ಬದನೆ, ದೊಣ್ಣೆ ಮೆಣಸಿನಕಾಯಿ, ಸೌತೆ ಇವುಗಳ ಸಸಿಗೆ. ಇವೆಲ್ಲ ಬೆಚ್ಚನೆ ಮಣ್ಣು ಕೇಳುವ ಬೀಜ. 20ರಿಂದ 30 ಡಿಗ್ರಿಯಲ್ಲಿ ಚೆನ್ನಾಗಿ ಮೊಳೆಯುತ್ತವೆ, ಮಣ್ಣು ತಣ್ಣಗಾದಷ್ಟೂ ತಡ, ತಡವಾದಷ್ಟೂ ಬೀಜ ಕೊಳೆಯುವ ಭಯ. ಟೊಮೆಟೊ ಸಸಿ 25–30 ದಿನಕ್ಕೆ, ಮೆಣಸಿನಕಾಯಿ 35–40 ದಿನಕ್ಕೆ ನಾಟಿಗೆ ಬರುತ್ತದೆ.

ಪರದೆ ಬೇಕು: ಟೊಮೆಟೊ, ಮೆಣಸಿನಕಾಯಿಗೆ ಚಳಿಗಿಂತ ದೊಡ್ಡ ಶತ್ರು ಬಿಳಿ ನೊಣ ಮತ್ತು ಥ್ರಿಪ್ಸ್. ಟೊಮೆಟೊ ಎಲೆ ಮುದುಡು ರೋಗದ ವೈರಸ್ ಹರಡುವುದು ಬಿಳಿ ನೊಣದಿಂದ. ಸಸಿ ಎಳೆಯದಿದ್ದಾಗ ತಾಗಿದರೆ ಆ ಗಿಡದಿಂದ ಹಣ್ಣು ನಿರೀಕ್ಷೆ ಮಾಡುವ ಹಾಗಿಲ್ಲ. ಅದಕ್ಕೆ ಬದಿ ಎತ್ತಿದ ಜಾಗಕ್ಕೆ 40 ಮೆಶ್ ಕೀಟ ಪರದೆ ಕಟ್ಟಿದ್ವಿ. ಪರದೆ ಗಾಳಿಯನ್ನೂ ಸ್ವಲ್ಪ ತಡೆಯುತ್ತದೆ. ನಾವು ಕಿಂಡಿ 25%ಕ್ಕೆ ನಿಲ್ಲಿಸದೆ 40% ಮಾಡಿದ್ದು ಇದೇ ಕಾರಣಕ್ಕೆ.

ಹಾಗಾಗಿ ಮೊದಲ ಪ್ರಶ್ನೆಗೆ ನಮ್ಮ ಉತ್ತರ: ಕಲಬುರಗಿ ಕಡೆ ಹೀಟರ್ ಇಲ್ಲದ ಹಸಿರುಮನೆ ಚಳಿಗಾಲದಲ್ಲಿ ಉಪಯೋಗಕ್ಕೆ ಬರುವುದು ಸಸಿಮಡಿಯಾಗಿ. ಅದನ್ನು ನಡೆಸುವ ಕೆಲಸ ಬೆಚ್ಚಗಿಡುವುದಕ್ಕಿಂತ ಹೆಚ್ಚಾಗಿ ಹೊತ್ತಿಗೆ ಸರಿಯಾಗಿ ತೆರೆದು ಮುಚ್ಚುವುದು. ಫೆಬ್ರವರಿ ದಾಟಿದ ಮೇಲೆ ಹಾಳೆ ತೆಗೆದು ಅದೇ ಕಮಾನಿಗೆ 50% ನೆರಳು ಪರದೆ ಹಾಕಬೇಕು. ಬಿಸಿಲಿಗೆ ಕೊತ್ತಂಬರಿ ಬೇಗ ಹೂವಿಗೆ ಹೋಗಿ ಪೇಟೆಯಲ್ಲಿ ಕಮ್ಮಿಯಾಗುವ ಆ ದಿನಗಳಲ್ಲಿ ನೆರಳಿನ ಮಡಿಗೆ ನಿಜವಾದ ಬೆಲೆ.

ದಿನದ ಟೈಮ್ ಟೇಬಲ್

ಈಗ ಬಾಗಿಲ ಮೇಲೆ ನಮ್ಮ ಹಳೆ ಚೀಟಿ ಇಲ್ಲ. ಇದು ಇದೆ:

ಬೆಳಿಗ್ಗೆ 8 ಗಂಟೆ: ಸೀರೆ ತೆಗೆಯುವುದು. ಒಂದು ಬದಿ ಗೇಣು ಎತ್ತುವುದು.
9 ಗಂಟೆ: ನೀರು. ಟ್ರೇ ಎತ್ತಿ ನೋಡಿ ಹಗುರ ಇದ್ದರೆ ಮಾತ್ರ.
10 ಗಂಟೆ ಅಥವಾ ಒಳಗೆ 28 ಡಿಗ್ರಿ, ಯಾವುದು ಮೊದಲೋ ಅದು: ಎರಡೂ ಬದಿ ಪೂರ್ತಿ ಮೇಲೆ.
ಸಂಜೆ 4.30: ಬದಿ ಇಳಿಸುವುದು. ಹೊತ್ತು ಮುಳುಗಿದ ಮೇಲೆ ಮುಚ್ಚಿದರೆ ಕೂಡಿಡಲು ಶಾಖವೇ ಉಳಿದಿರುವುದಿಲ್ಲ.
6 ಗಂಟೆ: ಸೀರೆ ಹೊದಿಸುವುದು.
ಅನುಮಾನ ಬಂದರೆ: ತೆರೆಯಿರಿ.

ಕೊನೆಯ ಸಾಲು ಬಹಳ ಮುಖ್ಯ. 12 ಡಿಗ್ರಿ ಚಳಿಯಲ್ಲಿ ಒಂದು ರಾತ್ರಿ ಕಳೆದ ಟೊಮೆಟೊ ಸಸಿ ಎರಡು ದಿನ ನಿಧಾನವಾಗುತ್ತದೆ, ಅಷ್ಟೇ. 47 ಡಿಗ್ರಿಯಲ್ಲಿ ಒಂದು ಮಧ್ಯಾಹ್ನ ಕಳೆದ ಸಸಿ ತಿರುಗಿ ಏಳುವುದಿಲ್ಲ. ಎರಡು ತಪ್ಪು ಸಮ ಅಲ್ಲದಿದ್ದಾಗ ಯಾವ ಕಡೆ ವಾಲಬೇಕು ಅನ್ನುವುದು ನಮಗೆ ಡಿಸೈನ್ ಕ್ಲಾಸಿನಲ್ಲಿ ಸೇಫ್ಟಿ ಫ್ಯಾಕ್ಟರ್ ಅಂತ ಬರುತ್ತದೆ. ಇಲ್ಲಿ ಅದು ಕೈಗೆ ಸಿಕ್ಕಿತು.

ನೀವೂ ಕಟ್ಟುವುದಾದರೆ

ಹಾಳೆ: 200 ಮೈಕ್ರಾನ್, ಯುವಿ ಸ್ಟೆಬಿಲೈಸ್ಡ್ ಅಂತ ಕೇಳಿ ತನ್ನಿ. ಕಟ್ಟಡ ಕೆಲಸಕ್ಕೆ ಬಳಸುವ ಸಾದಾ ಪ್ಲಾಸ್ಟಿಕ್ ನಮ್ಮ ಬಿಸಿಲಿಗೆ ಬೇಗ ಚೂರಾಗುತ್ತದೆ.

ಜಾಗ: ದಕ್ಷಿಣಕ್ಕೆ ಗೋಡೆ, ಮರ ಇದ್ದರೆ ಲೆಕ್ಕ ಹಾಕಿ. ಡಿಸೆಂಬರ್ 21ರ ಮಧ್ಯಾಹ್ನ 2 ಮೀಟರ್ ಗೋಡೆಯ ನೆರಳು 2 ÷ ಟ್ಯಾನ್ 49, ಅಂದರೆ 1.7 ಮೀಟರ್ ಉತ್ತರಕ್ಕೆ ಚಾಚುತ್ತದೆ. ಬೆಳಿಗ್ಗೆ, ಸಂಜೆ ಇನ್ನೂ ಉದ್ದ.

ಮಣ್ಣು: ಎರೆ ಮಣ್ಣು ಒಣಗಿದರೆ ಬಿರಿಯುತ್ತದೆ, ನೆನೆದರೆ ಅಂಟುತ್ತದೆ. ನೆಲದಲ್ಲೇ ಬಿತ್ತುವುದಾದರೆ ತಿಪ್ಪೆಗೊಬ್ಬರ ಚೆನ್ನಾಗಿ ಬೆರೆಸಿ ಮಡಿ ಒಂದು ಗೇಣು ಎತ್ತರ ಮಾಡಿ.

ಸೆನ್ಸರ್: ನೇರ ಬಿಸಿಲಿಗೆ ಇಟ್ಟರೆ ಅದು ತನ್ನದೇ ಬಿಸಿ ಹೇಳುತ್ತದೆ, ಗಾಳಿಯದ್ದಲ್ಲ. ಬಿಳಿ ಪೇಪರ್ ಲೋಟ ಬೋರಲು ಹಾಕಿ, ಬದಿಗೆ ತೂತು ಮಾಡಿ, ಅದರೊಳಗೆ ಗಿಡದ ಎತ್ತರಕ್ಕೆ ತೂಗುಹಾಕಿ. 32 ಡಿಗ್ರಿ ದಾಟಿದರೆ ಕೂಗುವ ಬಜರ್ ಒಂದು ಸೇರಿಸಿ. ನಮ್ಮ ಬೋರ್ಡ್ ಮೊದಲ ಸಲ 47 ಡಿಗ್ರಿಯನ್ನು ಅಚ್ಚುಕಟ್ಟಾಗಿ ಬರೆದುಕೊಂಡು ಸುಮ್ಮನೆ ಕೂತಿತ್ತು, ಯಾರನ್ನೂ ಕರೆಯಲಿಲ್ಲ. ಕರೆಂಟ್ ಇಲ್ಲದ ಕಡೆ ಮೇಣದ ಸಿಲಿಂಡರ್ ಇರುವ ಓಪನರ್ ಸಿಗುತ್ತದೆ. ಬಿಸಿಗೆ ಮೇಣ ಹಿಗ್ಗಿ ಕಿಂಡಿಯನ್ನು ತಾನೇ ತಳ್ಳುತ್ತದೆ. ಮೆಕ್ಯಾನಿಕಲ್‌ನವರಿಗೆ ಇದು ಒಳ್ಳೆ ಮಿನಿ ಪ್ರಾಜೆಕ್ಟ್.

ಹೊಲ ಇಲ್ಲದವರಿಗೆ: ಹಾಸ್ಟೆಲ್ ಟೆರೇಸ್‌ನಲ್ಲಿ ವಾರ್ಡನ್ ಒಪ್ಪಿದರೆ ಎರಡು ಪ್ರೋಟ್ರೇ, ಕೊಕೊಪಿಟ್, ಮೂರು ಕಮಾನು, ಒಂದು ತುಂಡು ಹಾಳೆ ಸಾಕು. ಮನೆ ಸಣ್ಣದಾದಷ್ಟೂ ಬೇಗ ಬಿಸಿಯಾಗುತ್ತದೆ, ಬೇಗ ತಣ್ಣಗಾಗುತ್ತದೆ. ಬೆಳಿಗ್ಗೆ ಕ್ಲಾಸಿಗೆ ಹೋಗುವ ಮೊದಲು ತೆರೆಯುವ ಒಬ್ಬರು ಇಲ್ಲದಿದ್ದರೆ ಶುರು ಮಾಡಬೇಡಿ. ದೊಡ್ಡದಾಗಿ ಮಾಡುವ ಮನೆಯವರು ಇದ್ದರೆ ತೋಟಗಾರಿಕೆ ಇಲಾಖೆಯಲ್ಲಿ ಸಹಾಯಧನದ ಬಗ್ಗೆ ಮೊದಲೇ ವಿಚಾರಿಸಲಿ, ಕಟ್ಟಿದ ಮೇಲೆ ಅಲ್ಲ.

ಎಳ್ಳಮಾಸಿ

ಎರಡನೇ ಸಲ ಬಿತ್ತಿದ ಟೊಮೆಟೊ ಸಸಿ ಜನವರಿ ಮೊದಲ ವಾರ ನಾಟಿಯಾಯಿತು. ತಡವಾಗಿದೆ. ಹಣ್ಣು ಬರುವಾಗ ಬಿಸಿಲು ಏರಿರುತ್ತದೆ, ಇಳುವರಿ ಎಷ್ಟಾಗುತ್ತದೋ ಬೇಸಿಗೆ ನೋಡಿಕೊಂಡು ಹೇಳಬೇಕು. ಆ ನಷ್ಟ ಯಾವ ಲೆಕ್ಕದಿಂದಲೂ ತುಂಬುವುದಿಲ್ಲ, ಅದು ನಮಗೆ ಗೊತ್ತು.

ಅದಕ್ಕೂ ಮೊದಲು ಎಳ್ಳ ಅಮಾವಾಸ್ಯೆ ಬಂತು. ನಮ್ಮ ಕಡೆ ಆ ದಿನ ಎಲ್ಲರೂ ಹೊಲಕ್ಕೆ ಹೋಗುತ್ತಾರೆ, ಚರಗ ಚೆಲ್ಲುತ್ತಾರೆ, ಸಜ್ಜೆ ರೊಟ್ಟಿ ಜೊತೆ ಭಜ್ಜಿ ಊಟ. ಭಜ್ಜಿಗೆ ಸಿಕ್ಕ ಸೊಪ್ಪು, ಕಾಳು, ಕಾಯಿಪಲ್ಲೆ ಎಲ್ಲ ಬೀಳಬೇಕು. ನಮ್ಮನ್ನೂ ಕರೆದಿದ್ದರು. ಹೋಗಲು ಸ್ವಲ್ಪ ನಾಚಿಕೆ, ಆದರೂ ಹೋದ್ವಿ. ಹೊರಗಿನ ಮಡಿ ಕೊತ್ತಂಬರಿ ಹಿಂದಿನ ದಿನವೇ ಪೇಟೆಗೆ ಹೋಗಿತ್ತು, ಭಜ್ಜಿಗೆ ಬಿದ್ದದ್ದು ನಮ್ಮ ಸುರಂಗದ ಸಣಕಲು ಕೊತ್ತಂಬರಿ.

ಊಟದ ಮಧ್ಯೆ ಅವ್ವ ಎದ್ದು ಹೋಗಿ ಸುರಂಗದ ಒಂದು ಬದಿ ಇನ್ನೊಂದಿಷ್ಟು ಮೇಲೆ ಸುತ್ತಿ ಬಂದರು. ನಾವು ಫೋನ್‌ನಲ್ಲಿ ರೀಡಿಂಗ್ ನೋಡಿದ್ವಿ: 28. ಬಜರ್ ಇನ್ನೂ ಕೂಗಿರಲಿಲ್ಲ. "ಹೆಂಗ ಗೊತ್ತಾತ್ರಿ ಅವ್ವಾ?" ಅಂತ ಕೇಳಿದ್ದಕ್ಕೆ, "ಇಲ್ಲಿ ಕುಂತರ ನನಗ ಸೆಕಿ ಆಗ್ಲತ್ತದ, ಅವಕ್ಕ ಆಗಂಗಿಲ್ಲೇನು?" ಅಂದರು.

ಮುಂದಿನ ವರ್ಷ ಈ ಕೆಲಸ ಮುಂದುವರಿಸುವ ಜೂನಿಯರ್ಸ್ ಇದ್ದರೆ ಕನ್ನಡ ಸಂಘದ ರೂಮಿಗೆ ಬನ್ನಿ. ಡೇಟಾ, ಬೋರ್ಡ್, ಲೆಕ್ಕದ ಹಾಳೆ ಎಲ್ಲ ಕೊಡುತ್ತೇವೆ. ಒಂದೇ ಷರತ್ತು: ಯಾರ ಹೊಲದಲ್ಲಿ ಕಟ್ಟುತ್ತೀರೋ ಅವರಿಗೆ ಮುಟ್ಟಬೇಡಿ ಅಂತ ಚೀಟಿ ಅಂಟಿಸಬಾರದು.